ಫ್ರೀಜರಿನಲ್ಲಿ ಉಳಿದ ಗಿಣ್ಣುಹಾಲು

ಹೋದ ವಾರ ಮೇರಿಲ್ಯಾಂಡಿನ ಗೈದರ್ಸ್‌ಬರ್ಗಿನಲ್ಲಿ ಗುಡುಗು ಮಳೆ ಬಂದು, ಮಧ್ಯಾಹ್ನ ಹೋದ ಕರೆಂಟು ಸಂಜೆಯಾದರೂ ಬರಲಿಲ್ಲ. ಫ್ರೀಜರಿನಲ್ಲಿದ್ದುದನ್ನೆಲ್ಲ ಹೊರಗೆ ತೆಗೆದು, ಯಾವುದನ್ನು ಉಳಿಸಬಹುದು, ಯಾವುದು ಕಸಕ್ಕೆ ಎಂದು ನೋಡುತ್ತಿದ್ದೆ. ಬಟಾಣಿ, ತೆಂಗಿನ ತುರಿ, ಪರೋಟಾ ಪ್ಯಾಕೆಟ್ಟು… ಎಲ್ಲದರ ಅಡಿಯಲ್ಲಿ ಟವೆಲಿನಲ್ಲಿ ಸುತ್ತಿದ ಒಂದು ಪ್ಲಾಸ್ಟಿಕ್ ಚೀಲ ಇತ್ತು. ಒಳಗಿನ ಹಳದಿ ಗಡ್ಡೆ ಅಂಚಿನಲ್ಲಿ ಕರಗಲು ಶುರುವಾಗಿತ್ತು. ಬಾಯಿ ಬಿಚ್ಚಿ ಮೂಸಿದೆ. ಬೆಣ್ಣೆಯದೂ ಕೊಟ್ಟಿಗೆಯದೂ ಕಲೆತ ವಾಸನೆ. ಗಿಣ್ಣುಹಾಲು. ಅದರ ಬೆನ್ನಿಗೇ ಆಂಟಿಯೂ ನೆನಪಾದರು.

ಆಂಟಿ ನನಗೆ ನೆಂಟರೇನೂ ಅಲ್ಲ. ನಾರ್ತ್ ಕೆರೊಲೈನಾದಲ್ಲಿ ನಾನು ಕೆಲಸಕ್ಕೆ ಸೇರಿದಾಗ ಇರಲು ಜಾಗ ಕೊಟ್ಟವರು. 2020ರ ಕೊನೆಯ ದಿನಗಳು ಅವು. ಪರಿಚಯವಿಲ್ಲದವರನ್ನು ಮನೆಗೆ ಸೇರಿಸಿಕೊಳ್ಳಲು ಯಾರಿಗೂ ಧೈರ್ಯವಿರಲಿಲ್ಲ. ಅಂಥ ಸಮಯದಲ್ಲಿ ಅಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಕಂಡಿತು: ಗರಾಜಿನ ಮೇಲಿನ ರೂಮು ಖಾಲಿ ಇದೆ, ಪ್ರಾಣಿಗಳನ್ನು ಕಂಡರೆ ಕಿರುಚುವವರು ಬೇಡ. ನಾನು ಹೆಬ್ಬಾಳದಲ್ಲಿ ಪಶುವೈದ್ಯಕೀಯ ಓದಿದವಳು. ಅವತ್ತೇ ಫೋನು ಮಾಡಿದೆ.

ಊರಾಚೆ, ಪೈನ್ ಮರಗಳ ನಡುವೆ ಮನೆ. ಹಿತ್ತಿಲಲ್ಲಿ ಬೇಲಿ, ಬೇಲಿಯೊಳಗೆ ನಾಲ್ಕು ಅಲ್ಪಾಕಾಗಳು. ಕುರಿಯಷ್ಟು ಉಣ್ಣೆ, ಒಂಟೆಯಂಥ ಕತ್ತು, ಜಗತ್ತೆಲ್ಲ ತಮ್ಮ ಮುಂದೆ ಕ್ಯೂ ನಿಂತಿದೆ ಎನ್ನುವಂಥ ಮುಖ. ಆಂಟಿ ಮಾಸ್ಕ್ ಹಾಕಿಕೊಂಡು ಬಾಗಿಲಲ್ಲಿ ನಿಂತೇ ನನ್ನನ್ನು ಇಂಟರ್‌ವ್ಯೂ ಮಾಡಿದರು.

"ಇವು ಉಗುಳುತ್ವೆ, ಗೊತ್ತಾ?"

"ಗೊತ್ತು ಆಂಟಿ."

"ಅವಕ್ಕೆ ಮಾಸ್ಕ್ ಹಾಕೋಕಾಗಲ್ಲ. ನೀನೇ ಹುಷಾರಾಗಿರ್ಬೇಕು. ಊಟ ಮಾಡಿದ್ಯಾ?"

ಅಲ್ಪಾಕಾ ಅವರ ಆಸೆಯಲ್ಲ, ಅಂಕಲ್‌ದು. ಮೈಸೂರಿನಿಂದ ಎಪ್ಪತ್ತರ ದಶಕದಲ್ಲಿ ಬಂದು ಅಲ್ಲೇ ಡಾಕ್ಟರಾಗಿ ನೆಲೆ ನಿಂತವರು ಅಂಕಲ್. "ರಿಟೈರ್ ಆದ್ಮೇಲೆ ಜನ ಗಾಲ್ಫ್ ಆಡ್ತಾರೆ. ಇವರು ಒಂಟೆ ತಂದ್ರು," ಎನ್ನುತ್ತಿದ್ದರು ಆಂಟಿ. ನಾನು ಎಷ್ಟು ತಿದ್ದಿದರೂ ಅವರ ಬಾಯಲ್ಲಿ ಅವು ಒಂಟೆಗಳೇ. ಆ ವರ್ಷದ ವಸಂತದಲ್ಲಿ ಕೋವಿಡ್ ಬಂದು ಅಂಕಲ್ ತೀರಿಕೊಂಡಿದ್ದರು. ಆಸ್ಪತ್ರೆಯೊಳಕ್ಕೆ ಯಾರನ್ನೂ ಬಿಡದ ಕಾಲ. ನರ್ಸಮ್ಮ ಹಿಡಿದ ಟ್ಯಾಬ್ಲೆಟ್ಟಿನ ವಿಡಿಯೋ ಕಾಲಿನಲ್ಲಿ ಕೊನೆಯ ಮಾತು ಆಯಿತಂತೆ… ಅದನ್ನು ಆಂಟಿ ಒಂದೇ ಸಲ ಹೇಳಿದ್ದು, ನಾನೂ ಮತ್ತೆ ಕೇಳಲಿಲ್ಲ.

ಒಂಟೆಗಳನ್ನು ಯಾರಿಗಾದರೂ ಕೊಟ್ಟುಬಿಡು ಎಂದು ಜಾರ್ಜಿಯಾದ ಕಮ್ಮಿಂಗಿನಲ್ಲಿದ್ದ ಮಗಳು ಹೇಳುತ್ತಲೇ ಇದ್ದಳು. ಆಂಟಿ ಕೊಡಲಿಲ್ಲ. ಕಾರಣ, ಕಂದು ಬಣ್ಣದ ಹೆಣ್ಣು ಬಸುರಾಗಿತ್ತು. ಅಲ್ಪಾಕಾದ ಬಸಿರು ಹೆಚ್ಚುಕಡಿಮೆ ಒಂದು ವರ್ಷದ್ದು. ಕಾಯಿಲೆ ಬೀಳುವ ಮೊದಲು ಅಂಕಲ್ ಖುದ್ದಾಗಿ ನಿಂತು ಗಂಡು ಕೂಡಿಸಿದ್ದರು. "ಮರಿ ಬರ್ಲಿ, ಆಮೇಲೆ ನೋಡೋಣ. ಅವರು ಶುರು ಮಾಡಿದ ಕೆಲಸ ಅದು," ಎಂದಷ್ಟೇ ಹೇಳುತ್ತಿದ್ದರು ಆಂಟಿ.

ಲ್ಯಾಬಿನಲ್ಲಿ ನನ್ನ ಕೆಲಸವೂ ಅಲ್ಪಾಕಾದ್ದೇ, ಆದರೆ ಅದರ ಕರುಳಿನದು. ಕರುಳಿನ ಚೂರನ್ನು ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಅಲ್ಲಿ ರೋಗದ ವಿರುದ್ಧ ಕಾವಲಿರುವ ಜೀವಕೋಶಗಳು ಎಳೆಯ ಮರಿಯಲ್ಲಿ ಹೇಗಿವೆ, ಬೆಳೆದದ್ದರಲ್ಲಿ ಹೇಗಿವೆ ಎಂದು ಮೈಕ್ರೋಸ್ಕೋಪಿನಲ್ಲಿ ನೋಡುವುದು. ಅಮೆರಿಕಕ್ಕೆ ಬಂದು ಕರುಳು ನೋಡುತ್ತೀಯಾ ಎಂದು ನಮ್ಮಮ್ಮ ಫೋನಿನಲ್ಲಿ ಹಣೆ ಚಚ್ಚಿಕೊಂಡಿದ್ದರು. ಆಂಟಿ ಮಾತ್ರ, ತೋರಿಸು ನೋಡೋಣ ಎಂದರು. ಲ್ಯಾಪ್‌ಟಾಪಿನಲ್ಲಿ ಎರಡು ಚಿತ್ರ ತೆಗೆದೆ. ಆಗಷ್ಟೇ ಹುಟ್ಟಿದ ಮರಿಯ ಕರುಳಿನ ಗೋಡೆ ಹೆಚ್ಚುಕಡಿಮೆ ಖಾಲಿ. ಬೆಳೆದದ್ದರ ಕರುಳಿನಲ್ಲಿ ಆ ಜೀವಕೋಶಗಳು ನೇರಳೆ ಚುಕ್ಕೆಗಳಾಗಿ ಕಿಕ್ಕಿರಿದಿದ್ದವು, ನಡುನಡುವೆ ಕೆಂಪು ಕಾಳು ತುಂಬಿದಂಥವು.

"ಇದು ಗೃಹಪ್ರವೇಶ ಆದ ಮಾರನೇ ದಿನ," ಆಂಟಿ ಮೊದಲನೆಯದನ್ನು ತೋರಿಸಿ ಹೇಳಿದರು. "ಇದು ಮದುವೆಮನೆ."

ನಾನು ಬರೆದ ಎಷ್ಟೋ ಪುಟಗಳು ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

"ಹಾಗಾದ್ರೆ ಮರಿಗೆ ಕಾವಲು ಯಾರು?"

ಮನುಷ್ಯರ ಮಗುವಿಗೆ ತಾಯಿ ಹೊಟ್ಟೆಯೊಳಗೇ ಸ್ವಲ್ಪ ಬುತ್ತಿ ಕಟ್ಟಿ ಕಳಿಸುತ್ತಾಳೆ, ಅಲ್ಪಾಕಾ ಮರಿ ಬರಿಗೈಯಲ್ಲಿ ಬರುತ್ತದೆ ಎಂದೆ. ತಾಯಿಯ ಮೊದಲ ಹಾಲಿನಲ್ಲಿ ಆ ಕಾವಲು ಇರುತ್ತದೆ. ಹುಟ್ಟಿದ ದಿನ ಮರಿಯ ಕರುಳು ಅದನ್ನು ಹಾಗೆಯೇ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ, ಮಾರನೆಯ ದಿನದ ಹೊತ್ತಿಗೆ ಬಾಗಿಲು ಮುಚ್ಚಿಬಿಡುತ್ತದೆ. ಆಮೇಲೆ ಎಷ್ಟು ಕುಡಿದರೂ ಅದು ಬರೀ ಹಾಲು.

"ಮೊದಲ ಹಾಲು ಅಂದ್ರೆ ಗಿಣ್ಣು," ಎಂದು ಆಂಟಿ ಎದ್ದರು. ಆಮೇಲೆ ನನ್ನನ್ನು ಗರಾಜಿಗೆ ಕರೆದುಕೊಂಡು ಹೋಗಿ ದೊಡ್ಡ ಫ್ರೀಜರಿನ ಮುಚ್ಚಳ ಎತ್ತಿದರು. ಎರಡು ಹಳದಿ ಚೀಲಗಳು.

ಅಂಕಲ್‌ಗೆ ಗಿಣ್ಣೆಂದರೆ ಪ್ರಾಣವಂತೆ. ಮೈಸೂರು ಬಿಟ್ಟ ಮೇಲೆ ಸರಿಯಾದ್ದು ತಿಂದೇ ಇಲ್ಲ ಎಂದು ವರ್ಷವರ್ಷವೂ ರಾಗ ಎಳೆಯುತ್ತಿದ್ದರಂತೆ. ಕೊನೆಗೆ ಆಂಟಿ ಹತ್ತಿರದ ಡೈರಿಯ ಮುದುಕನ ಬಳಿ ಹೋಗಿ ಕೇಳಿದ್ದಾರೆ. ಕರುವಿಗೆಂದೇ ಇರುವ ಹಾಲನ್ನು ನನ್ನ ಗಂಡ ತಿನ್ನುತ್ತಾರೆ ಎಂದು ಆ ಬಿಳಿಯನಿಗೆ ಹೇಳಲು ಬಾಯಿ ಬಂದಿಲ್ಲ. "ನಮ್ಮನೇಲಿ ಅಲ್ಪಾಕಾ ಮರಿ ಹಾಕತ್ತೆ, ಎಮರ್ಜೆನ್ಸಿಗೆ ಬೇಕು ಅಂದೆ ಕಣಮ್ಮ. ಪಾಪ, ನಂಬಿ ಕೊಟ್ಟ." ಆ ವಾರವೇ ಅಂಕಲ್‌ಗೆ ಜ್ವರ ಬಂತು.

"ಬೇಯ್ಸೋಕೆ ಕೈ ಬರಲ್ಲ, ಬಿಸಾಕೋಕೆ ಮನಸ್ಸು ಬರಲ್ಲ," ಎಂದು ಮುಚ್ಚಳ ಹಾಕಿದರು.

ಚಳಿಗಾಲದ ಕೊನೆಗೆ ಒಂದು ಬೆಳಗ್ಗೆ ಎದ್ದರೆ ಮರ, ಬೇಲಿ, ಕಾರು ಎಲ್ಲದರ ಮೇಲೂ ಗಾಜಿನಂತೆ ಮಂಜುಗಡ್ಡೆ. ಪೈನ್ ಮರಗಳು ದಾರಿಗೆ ಅಡ್ಡ ಬಿದ್ದಿದ್ದವು. ಕಂದು ಹೆಣ್ಣು ಆ ದಿನವನ್ನೇ ಆರಿಸಿಕೊಂಡಿತು. ಅಲ್ಪಾಕಾಗಳು ಸಾಮಾನ್ಯವಾಗಿ ಹಗಲಲ್ಲೇ ಈಯುತ್ತವೆ, ಅಷ್ಟು ಮರ್ಯಾದೆ ಅವಕ್ಕೆ ಇದೆ. ತಿಂಡಿಯ ಹೊತ್ತಿಗೆ ಮರಿ ಒಣಹುಲ್ಲಿನ ಮೇಲೆ ಬಿದ್ದು ಕಿವಿ ಆಡಿಸುತ್ತಿತ್ತು. ಹೆಣ್ಣು ಮರಿ. ಆಂಟಿ ಎರಡು ಸ್ವೆಟರಿನ ಮೇಲೆ ಅಂಕಲ್‌ರ ಜಾಕೆಟ್ ಹಾಕಿಕೊಂಡು ಬಂದು ನೋಡಿ, ಮೂಗು ಒರೆಸಿಕೊಂಡರು. ಚಳಿಗೆ ಎಂದರು.

ತಾಯಿಯ ಕೆಚ್ಚಲು ಮುಟ್ಟಿ ನೋಡಿದೆ. ಚೊಚ್ಚಲು ಅದು, ಕೆಚ್ಚಲು ಇನ್ನೂ ಇಳಿದೇ ಇರಲಿಲ್ಲ. ಹಿಂಡಿದರೆ ಹನಿಯಿಲ್ಲ. ಕಾದೆವು. ಮರಿ ಎದ್ದು, ಬಿದ್ದು, ಮತ್ತೆ ಎದ್ದು ತಾಯಿಯ ಹೊಟ್ಟೆಯಡಿ ತಡಕಾಡಿ, ಏನೂ ಸಿಗದೆ ಸುಸ್ತಾಗಿ ಮಲಗಿತು. ನಾವು ಯಾವಾಗಲೂ ಕರೆಸುತ್ತಿದ್ದ ಪಶುವೈದ್ಯೆಗೆ ಫೋನು ಮಾಡಿದೆ. ರಸ್ತೆ ಮುಚ್ಚಿದೆ, ಇವತ್ತು ಬರಲಾಗದು, ಆಡಿನದೋ ಹಸುವಿನದೋ ಮೊದಲ ಹಾಲು ಎಲ್ಲಾದರೂ ಸಿಕ್ಕಿದರೆ ಕುಡಿಸಿ, ಇವತ್ತೇ ಕುಡಿಸಿ ಎಂದರು ಆಕೆ. ಇಲ್ಲದಿದ್ದರೆ? ಇಲ್ಲದಿದ್ದರೆ ಮೊದಲ ಸೋಂಕಿಗೇ ಹೋಗಬಹುದು ಎಂದರು. ಅದು ನನಗೆ ಗೊತ್ತಿದ್ದದ್ದೇ. ಆ ಖಾಲಿ ಗೋಡೆಯನ್ನು ನಾನು ದಿನಾ ನೋಡುತ್ತಿದ್ದೆನಲ್ಲ.

ಗರಾಜಿನ ಚೀಲಗಳು ನೆನಪಿಗೆ ಬಾರದೆ ಇರಲಿಲ್ಲ. ಆದರೆ ಅದನ್ನು ಕೇಳುವುದು ಹೇಗೆ? ಆಂಟಿಯೇ ಮರಿಯ ಕಡೆ ನೋಡುತ್ತ ಹೇಳಿದರು.

"ಇದೆಯಲ್ಲ. ಡೈರಿಯವನಿಗೆ ನಾನು ಹೇಳಿದ್ದೂ ಅದೇ. ಸುಳ್ಳು ಹೇಳಿದ್ದೆ, ದೇವ್ರು ನಿಜ ಮಾಡ್ಬಿಟ್ಟ."

ಬೆಚ್ಚಗೆ ಮಾಡಿ ತನ್ನಿ ಆಂಟಿ ಎಂದು ಹೇಳಿ, ನಾನು ಮರಿಯ ಮೈ ಟವೆಲಿನಿಂದ ತಿಕ್ಕುತ್ತ ಕುಳಿತೆ. ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಎದ್ದು ಹೋಗಿ ಹಿಂಬಾಗಿಲು ತೆಗೆದಾಗ ಆ ವಾಸನೆ ಬಂತು. ಚಿಕ್ಕಂದಿನಲ್ಲಿ ಹಸು ಈದವರ ಮನೆಯಿಂದ ನಮಗೂ ಒಂದು ಪಾಲು ಬರುತ್ತಿದ್ದ ದಿನಗಳ ವಾಸನೆ. ಒಲೆಯ ಮೇಲೆ ಪಾತ್ರೆ, ಆಂಟಿಯ ಕೈಯಲ್ಲಿ ಸೌಟು, ಪಾತ್ರೆಯೊಳಗೆ ಹಾಲು ಗಂಟು ಗಂಟಾಗಿ ಕೂತಿತ್ತು.

"ಹಸಿ ಹಾಲು ಎಳೇ ಕೂಸಿಗೆ ಹೇಗೆ ಕೊಡೋದು ಅಂತ… ಒಂದು ಕುದಿ ಕಾಯ್ಸಿ, ಆರಿಸಿ ತರೋಣ ಅಂತ ಇಟ್ಟೆ," ಎಂದರು.

ನಮ್ಮ ಮನೆಗಳಲ್ಲಿ ಹಾಲು ಮೊದಲು ಒಲೆ ಹತ್ತಬೇಕು, ಆಮೇಲೆ ಉಳಿದ ಮಾತು. ಅವರ ಅಮ್ಮ, ಅಜ್ಜಿ, ನಮ್ಮಮ್ಮ ಎಲ್ಲರೂ ಹಾಗೇ ಮಾಡಿದವರು. ಆದರೆ ಬಿಸಿ ತಾಗಿದರೆ ಗಿಣ್ಣು ಗಟ್ಟಿಯಾಗುವುದಕ್ಕೆ ಬಹುಮಟ್ಟಿಗೆ ಕಾರಣ ಆ ಕಾವಲಿನ ಸತ್ವವೇ. ಗಟ್ಟಿಯಾದರೆ ನಮಗೆ ತಿಂಡಿ, ಮರಿಗೆ ಏನೂ ಅಲ್ಲ. ನಾನು ಪೂರ್ತಿ ಹೇಳುವ ಮೊದಲೇ ಆಂಟಿಗೆ ಅರ್ಥವಾಯಿತು. ಸೌಟು ಕೆಳಗಿಟ್ಟು ಕುರ್ಚಿಯ ಮೇಲೆ ಕುಸಿದರು.

"ಅವರ ಗಿಣ್ಣೂ ಹೋಯ್ತು, ಅವರ ಮರೀನೂ ಹೋಗತ್ತೆ. ನನ್ನ ಕೈಯಾರೆ."

ಇನ್ನೊಂದು ಚೀಲ ಇದೆ ಆಂಟಿ ಎಂದೆ. ಅದು ಸಾಕಾಗುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ, ಆದರೆ ಆಗ ಆಡಬೇಕಾದ ಮಾತು ಅದೊಂದೇ ಆಗಿತ್ತು. ದೊಡ್ಡ ಬೋಗುಣಿಯಲ್ಲಿ ಉಗುರು ಬೆಚ್ಚಗಿನ ನೀರು ತುಂಬಿ ಚೀಲ ಅದರಲ್ಲಿ ಇಟ್ಟೆವು. ಆಂಟಿ ಅದರ ಮುಂದಿನಿಂದ ಏಳಲೇ ಇಲ್ಲ. ಮಗುವಿನ ಸ್ನಾನದ ನೀರು ನೋಡುವವರಂತೆ ಮೊಣಕೈ ಅದ್ದಿ ಅದ್ದಿ ನೋಡುತ್ತಿದ್ದರು. ನೀರು ಆರಿದರೆ ಬದಲಾಯಿಸುವುದು, ತುಸು ಬಿಸಿ ಎನಿಸಿದರೆ ತಣ್ಣೀರು ಬೆರೆಸುವುದು. ಅಷ್ಟು ನಿಧಾನಕ್ಕೆ ಯಾವ ಹಾಲೂ ಕರಗಿದ್ದು ನನಗೆ ನೆನಪಿಲ್ಲ.

ಮರಿ ಮೊದಲು ಬಾಟಲಿಗೆ ಬಾಯಿ ಹಾಕಲಿಲ್ಲ. ಆಂಟಿ ಹುಲ್ಲಿನ ಮೇಲೆ ಕೂತು, ಅದನ್ನು ತೊಡೆಗೆ ಒತ್ತಿಕೊಂಡು, ಜಾಕೆಟ್ಟಿನ ಅಂಚಿನಿಂದ ಅದರ ಕಣ್ಣು ಮುಚ್ಚಿದರು. ತಾಯಿಯ ಹೊಟ್ಟೆಯಡಿಯ ಕತ್ತಲು ಎಂದುಕೊಂಡಿತೇನೋ, ಬಾಯಿ ಆಡಿಸಿತು.

"ಕುಡಿ ಕಂದ. ನಿಮ್ ತಾತನ ಪಾಲು ಇದು. ಅವರು ಬೇಡ ಅನ್ನಲ್ಲ, ಕುಡಿ."

ಚೀಪುವ ಸದ್ದು ಕೇಳಿತು. ಸಂಜೆಯವರೆಗೆ ಸ್ವಲ್ಪ ಸ್ವಲ್ಪವಾಗಿ ಅದಷ್ಟನ್ನೂ ಕುಡಿಸಿದೆವು.

ಒಳಗೆ ಬಂದಾಗ ಪಾತ್ರೆ ಒಲೆಯ ಮೇಲೆ ಹಾಗೇ ಇತ್ತು. ಚೆಲ್ಲುತ್ತಾರೆ ಎಂದುಕೊಂಡೆ. ಆಂಟಿ ಬೆಲ್ಲ ಕುಟ್ಟಿ ಹಾಕಿದರು, ಏಲಕ್ಕಿ ಪುಡಿ ಮಾಡಿದರು, ಸಣ್ಣ ಉರಿಯಲ್ಲಿ ಕೈಯಾಡಿಸಿದರು. ಒಂದು ಬಟ್ಟಲಿಗೆ ಹಾಕಿ ಅಂಕಲ್ ಫೋಟೋದ ಮುಂದೆ ಇಟ್ಟರು.

"ನೋಡಿ, ಗಿಣ್ಣು ಮಾಡಿದೀನಿ. ಗಂಟು ಗಂಟಾಗಿದೆ. ಬೈಬೇಡಿ."

ಅಷ್ಟು ದಿನ ಒಂದೇ ಮನೆಯಲ್ಲಿದ್ದರೂ ಆಂಟಿ ಅತ್ತದ್ದನ್ನು ನಾನು ನೋಡಿರಲಿಲ್ಲ. ಅವತ್ತು ನೋಡಿದೆ. ನಾನೂ ಅತ್ತೆ. ಆಮೇಲೆ ಇಬ್ಬರೂ ಗಿಣ್ಣು ತಿಂದೆವು, ತುಂಬ ರುಚಿಯಾಗಿತ್ತು.

ದಾರಿ ತೆರೆದ ಮೇಲೆ ಪಶುವೈದ್ಯೆ ಬಂದು ಮರಿಯ ರಕ್ತ ಪರೀಕ್ಷೆ ಮಾಡಿಸಿದರು. ಕಾವಲು ತುಂಬ ಇಲ್ಲ, ಆದರೆ ಬದುಕಲು ಸಾಲುತ್ತದೆ ಎಂದರು. ಅಷ್ಟರಲ್ಲಿ ತಾಯಿಯ ಕೆಚ್ಚಲೂ ಇಳಿದಿತ್ತು. ಬೇಸಿಗೆಯ ಹೊತ್ತಿಗೆ ಮರಿ ನನ್ನ ಮೇಲೆ ಉಗುಳುವಷ್ಟು ದೊಡ್ಡದಾಯಿತು. ಆ ಹಸುವಿನ ಕಾವಲು ಈಗ ಅದರ ಮೈಯಲ್ಲಿ ಉಳಿದಿಲ್ಲ, ಕೆಲವು ವಾರಗಳಲ್ಲಿ ಸವೆದುಹೋಗುತ್ತದೆ, ಅಷ್ಟರಲ್ಲಿ ಮರಿಯ ಕರುಳಿನಲ್ಲಿ ಅದರದೇ ಜನ ತುಂಬಿಕೊಳ್ಳುತ್ತಾರೆ ಎಂದು ಒಮ್ಮೆ ಆಂಟಿಗೆ ಹೇಳಿದೆ.

"ಅಲ್ಲಿಗೆ ಅವರ ಕೆಲಸ ಮುಗೀತು ಅನ್ನು," ಎಂದರು. ಒಂಟೆಗಳನ್ನು ಕೊಡುವ ಮಾತು ಮಾತ್ರ ಮತ್ತೆ ಎತ್ತಲಿಲ್ಲ.

ಗೈದರ್ಸ್‌ಬರ್ಗಿನ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿ ನಾನು ಹೊರಟಾಗ, ದಾರಿಗೆಂದು ಚಪಾತಿ ಸುತ್ತಿ ಕೊಟ್ಟು, "ತಲುಪಿದ ತಕ್ಷಣ ಮೆಸೇಜ್ ಮಾಡು," ಎಂದರು. ಭಾನುವಾರಗಳಂದು ಫೋನಿನಲ್ಲಿ ಒಂಟೆಗಳ ಸುದ್ದಿ ಹೇಳುತ್ತಿದ್ದರು. ಆ ಮರಿ ಬೆಳೆದು ತಾನೇ ಬಸುರಾಯಿತೆಂದು ಹೇಳುವಾಗ ಅವರ ದನಿಯಲ್ಲಿ ಬೀಗರ ಗತ್ತು ಇತ್ತು. ಅದು ಈಯುವ ಮೊದಲೇ, ಒಂದು ಬೆಳಗ್ಗೆ ಹುಲ್ಲು ಹಾಕಿ ಒಳಗೆ ಬಂದವರು ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟರು…

ನಾನು ಹೋದಾಗ ಕಮ್ಮಿಂಗಿನಿಂದ ಬಂದ ಮಗಳು ಮನೆ ಖಾಲಿ ಮಾಡುತ್ತಿದ್ದಳು. ಫ್ರೀಜರಿನಿಂದ ಒಂದು ಹಳದಿ ಚೀಲ ಎತ್ತಿ ಹಿಡಿದು, "ಇದು ಏನು? ಟ್ರ್ಯಾಶ್‌ಗೆ ಹಾಕ್ಲಾ?" ಎಂದು ಕೇಳಿದಳು. ಆಂಟಿ ಮತ್ತೆ ಡೈರಿಗೆ ಹೋಗಿದ್ದರು. ಈ ಸಲ ಸುಳ್ಳಿಲ್ಲ, ನಿಜವಾಗಿಯೂ ಮರಿಗೆಂದೇ ತಂದಿಟ್ಟದ್ದು. ಒಂಟೆಗಳು ಪಕ್ಕದ ಫಾರ್ಮಿಗೆ ಹೋದವು. ಅಲ್ಲಿ ಮರಿ ಹುಟ್ಟಿದಾಗ ತಾಯಿಗೆ ಬೇಕಾದಷ್ಟು ಹಾಲಿತ್ತು, ಚೀಲ ಬೇಕಾಗಲಿಲ್ಲ. ಅದನ್ನು ಐಸಿನಲ್ಲಿಟ್ಟುಕೊಂಡು ನಾನು ಮೇರಿಲ್ಯಾಂಡಿಗೆ ತಂದೆ. ಬೇಯಿಸಲು ಕೈ ಬರಲಿಲ್ಲ, ಬಿಸಾಡಲು ಮನಸ್ಸು ಬರಲಿಲ್ಲ.

ಹೋದ ವಾರ ಕರೆಂಟೇ ಅದನ್ನು ತೀರ್ಮಾನ ಮಾಡಿತು. ಕತ್ತಲಾಗುವ ಮೊದಲು ಬೆಂಕಿಕಡ್ಡಿ ಗೀರಿ ಗ್ಯಾಸ್ ಹಚ್ಚಿದೆ. ಕಾಯಿಸಬಾರದು ಎಂದು ಯಾರಿಗೂ ಹೇಳುವ ಅಗತ್ಯವಿರಲಿಲ್ಲ, ಕಾಯುವ ಮರಿ ಯಾವುದೂ ಇರಲಿಲ್ಲ. ಬೆಲ್ಲ ಹಾಕಿದೆ, ಏಲಕ್ಕಿ ಹಾಕಿದೆ. ಬಟ್ಟಲಿಗೆ ಹಾಕಿಕೊಂಡು ಕಿಟಕಿಯ ಬಳಿ ಕೂತೆ. ಗಂಟು ಗಂಟಾಗಿತ್ತು. ಬೈಯಲು ಯಾರೂ ಇರಲಿಲ್ಲ.