ಕೆಲಸವಿಲ್ಲದವರನ್ನು ಎಣಿಸಿದ ಮೇಷ್ಟ್ರು

ವೆಂಕಟರಾಯಪ್ಪ ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ಕರಿಹಲಗೆಯ ಮೇಲೆ ಯೂರೋಪಿನ ನಕ್ಷೆ ಬರೆಯುತ್ತಿದ್ದರು. ನಾರ್ವೆಯಿಂದ ಹೊರಟ ಸೀಮೆಸುಣ್ಣ ಇಟಲಿಯ ತುದಿ ಮುಟ್ಟುವವರೆಗೆ ಎಲ್ಲೂ ನಿಲ್ಲುತ್ತಿರಲಿಲ್ಲ. ಅರವತ್ತರ ದಶಕದ ಮೊದಲಲ್ಲಿ ಶಿಡ್ಲಘಟ್ಟದ ಹೈಸ್ಕೂಲಿಗೆ ಗಣಿತದ ಟೀಚರಮ್ಮನಾಗಿ ಸೇರಿದ್ದ ನಾನು, ಬಾಗಿಲಲ್ಲಿ ನಿಂತು ಅದನ್ನು ನೋಡುತ್ತಿದ್ದೆ.

ನಕ್ಷೆ ಮುಗಿದ ಮೇಲೆ ಒಂದೊಂದು ದೇಶದೊಳಗೂ ನೂರಕ್ಕೆ ಎಷ್ಟು ಜನರಿಗೆ ಕೆಲಸವಿಲ್ಲ ಎಂದು ಬರೆಯುವರು. ಅವೆಲ್ಲ ವಾಚನಾಲಯದ ಇಂಗ್ಲಿಷ್ ಪತ್ರಿಕೆಗಳಿಂದ ಗುರುತು ಹಾಕಿಕೊಂಡ ಅಂಕಿಗಳು. ಇಟಲಿಯವರು ಕೆಲಸ ಹುಡುಕಿಕೊಂಡು ಜರ್ಮನಿಯ ರೈಲು ಹತ್ತುವುದನ್ನು ಪಕ್ಕದ ಬೀದಿಯ ಸುದ್ದಿಯಂತೆ ಹೇಳುವರು. “ಕೆಲ್ಸ ಇಲ್ದೋನು ಅಂದ್ರೆ ಸೋಮಾರಿ ಅಲ್ಲ ಕಣ್ರೋ, ಹುಡುಕ್ತಾ ಇರೋನು” ಎನ್ನುವುದು ಅವರ ಮಾತು.

ಮೇಷ್ಟ್ರ ಹೆಂಡತಿ ತೀರಿಕೊಂಡಿದ್ದರು. ಬಿ.ಎ. ಓದಿದ ಮಗ ಶ್ರೀನಿವಾಸ ಚಿಂತಾಮಣಿಯ ಮಂಡಿಯೊಂದರಲ್ಲಿ ಗುಮಾಸ್ತ. ದಿನಾ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದ. ಅವನ ಸಂಬಳದ ವಿಚಾರ ಮೇಷ್ಟ್ರು ಎಂದೂ ಕೇಳಿದವರಲ್ಲ.

ಒಂದು ದಿನ ಹುಡುಗಿಯೊಬ್ಬಳು, ನಮ್ಮ ಕಡೆ ಕೆಲ್ಸ ಇಲ್ದೋರು ಎಷ್ಟು ಜನ ಸಾರ್ ಎಂದು ಕೇಳಿದಳು. ಮೇಷ್ಟ್ರು ಪತ್ರಿಕೆಗಳನ್ನೆಲ್ಲ ತಿರುವಿದರು, ಆ ಅಂಕಿ ಸಿಗಲಿಲ್ಲ. ಅದು ಅವರನ್ನು ಕೊರೆಯತೊಡಗಿತು. ಪರೀಕ್ಷೆ ಮುಗಿದ ಮಾರನೆಯ ದಿನ ನನ್ನನ್ನೂ ನಾಲ್ಕು ಮಕ್ಕಳನ್ನೂ ಕರೆದುಕೊಂಡು ಚಿಂತಾಮಣಿಗೆ ಹೊರಟರು. ಬಸ್ ನಿಲ್ದಾಣದ ಹತ್ತಿರ ಕೂಲಿಗೆ ಕಾದು ಕೂರುವವರನ್ನು ಎಣಿಸುವುದು, ಆಮೇಲೆ ಮಗನ ಮಂಡಿಗೂ ಹೋಗಿ ಮಾತಾಡಿಸಿಕೊಂಡು ಬರುವುದು ಎಂದಿದ್ದರು.

ಮರದ ನೆರಳಲ್ಲಿ ಹತ್ತಿಪ್ಪತ್ತು ಜನ ಕೂತಿದ್ದರು. ಮೇಷ್ಟ್ರು ಕೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಕೊನೆಯವನು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ, ತೊಡೆಯ ಮೇಲೆ ಊಟದ ಡಬ್ಬಿ. ಅವನು ತಲೆ ಎತ್ತಿದ. ಶ್ರೀನಿವಾಸ!

ಮಕ್ಕಳು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಮೇಷ್ಟ್ರು ಎಲ್ಲರನ್ನೂ ಕೇಳಿದ್ದನ್ನೇ ಅವನನ್ನೂ ಕೇಳಿದರು.

“ಕೆಲ್ಸ ಹೋಗಿ ಎಷ್ಟು ದಿನ ಆಯ್ತಪ್ಪ?”

“ಮಂಡಿ ಮುಚ್ಚಿ ಎಂಟು ತಿಂಗ್ಳು.”

“ನಂಗೆ ಯಾಕೆ ಹೇಳ್ಲಿಲ್ಲ?”

“ಹೇಳೋಣ ಅಂತಾನೇ ದಿನಾ ಊಟಕ್ಕೆ ಕೂರ್ತಿದ್ದೆ. ನೀವು ಇಟಲಿ ಶುರು ಮಾಡ್ತಿದ್ರಿ ಅಪ್ಪ.”

ಮೇಷ್ಟ್ರು ಮಗನ ಪಕ್ಕ ಮಣ್ಣಿನಲ್ಲೇ ಕೂತರು. ಇವನ ಹೆಸರನ್ನೂ ಬರೆದುಕೊಳ್ಳಲು ನನಗೆ ಹೇಳಿದರು. ನನ್ನಿಂದಾಗಲಿಲ್ಲ. ಹಾಳೆ ಇಸಿದುಕೊಂಡು ಅವರೇ ಬರೆದರು.

ಆ ಬೇಸಿಗೆಯಿಡೀ ತಂದೆ ಮಗ ಇಬ್ಬರೂ ಕೆಲಸ ಕೇಳಿಕೊಂಡು ಊರೂರು ಸುತ್ತಿದರು. ಕೊನೆಗೆ ಮೇಲೂರಿನಲ್ಲಿ ರೇಷ್ಮೆ ನೂಲು ತೆಗೆಸುವವರೊಬ್ಬರು ಶ್ರೀನಿವಾಸನನ್ನು ಸೇರಿಸಿಕೊಂಡರು. ಮೇಷ್ಟ್ರಿಗೆ ಗೌರಿಬಿದನೂರಿಗೆ ವರ್ಗವಾಯಿತು.

ಕೆಲವು ವರ್ಷಗಳ ಮೇಲೆ ಅಲ್ಲಿಯ ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕರು. ತುಂಬ ಸೊರಗಿದ್ದರು. ಕುಶಲ ಕೇಳುವ ಮೊದಲೇ ಆ ದಿನದ ಮಾತು ತೆಗೆದರು.

“ಎಂಟು ತಿಂಗ್ಳು ನನ್ನೆದುರಿಗೇ ಕೂತು ಉಂಡ ಕಣಮ್ಮ. ಒಂದಿನಾನೂ ನಾನು ಅವನ ಮುಖ ನೋಡ್ಲಿಲ್ಲ.”

ಅಷ್ಟರಲ್ಲಿ ನನ್ನ ರೈಲು ಬಂತು. ಮುಂದಿನ ಬೇಸಿಗೆಯಲ್ಲಿ ಶ್ರೀನಿವಾಸನ ಕಾಗದ ಬಂದಾಗ, ಮೇಷ್ಟ್ರು ಹೋದ ಸುದ್ದಿಯೇ ಇರಬೇಕು ಅನ್ನಿಸಿ, ಒಡೆದು ಓದಲು ನನಗೆ ಎರಡು ದಿನ ಧೈರ್ಯವಾಗಲಿಲ್ಲ.