ಭಾನುವಾರದ ಮಿಕ್ಸಿ

ಸುಲೋಚನ ಮೇಡಂ ಎದುರು ‘ಅದು ಹಂಗೇ’ ಅನ್ನೋ ಹಾಗಿರಲಿಲ್ಲ. ಹಾಲಿನವನು ‘ಬೇಸಿಗೇಲಿ ಹಾಲು ಒಡೆಯೋದು ಹಂಗೇ ಮೇಡಂ’ ಅಂದರೆ ಪಾತ್ರೆ ಹಿಡಿದುಕೊಂಡೇ ಗೇಟಿಗೆ ಅಡ್ಡ ನಿಲ್ಲೋರು. ‘ಹಂಗೇ ಅಂದ್ರೆ ಹ್ಯಾಗೆ ಮಾರಾಯ್ರೇ?’ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಪಾಠ ಹೇಳಿ ರಿಟೈರ್ ಆಗಿದ್ದರು. ಚಾಳಿ ರಿಟೈರ್ ಆಗಿರಲಿಲ್ಲ.

ನನ್ನದು ಭದ್ರಾವತಿ ಓಲ್ಡ್ ಟೌನಿನಲ್ಲಿ ಮೋಟಾರು ವೈಂಡಿಂಗ್ ಅಂಗಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೆ ನಾನು ಸುತ್ತಿದ ಕಾಯಿಲಿಗೆ ಇವತ್ತಿನವರೆಗೂ ಯಾರೂ ಹೆಸರಿಟ್ಟಿಲ್ಲ. ಶಿವಮೊಗ್ಗದ ವಿನೋಬನಗರದಲ್ಲಿ ಮೇಡಂ ಮನೆಗೆ ಸಂಪಿನ ಮೋಟಾರು ಕೂರಿಸೋಕೆ ಹೋದ ದಿನ ಕೇಳಿದರು, ‘ಒಳಗಿರೋದು ತಾಮ್ರದ ತಂತಿ ತಾನೇ? ಕರೆಂಟು ಕೊಟ್ರೆ ಯಾಕೆ ತಿರುಗುತ್ತೆ?’

‘ಅದು ಹಂಗೇ’ ಅಂದೆ. ಅಂದ ಕೂಡಲೇ ನನ್ನ ಕಿವಿ ಬಿಸಿಯಾಯಿತು.

ಅವರು ಒಳಗಿಂದ ಒಂದು ದಿಕ್ಸೂಚಿ ತಂದರು. ಟಾರ್ಚಿನ ಸೆಲ್ಲಿಗೆ ತಂತಿ ಮುಟ್ಟಿಸಿ ಅದರ ಹತ್ತಿರ ಹಿಡಿದರು. ಮುಳ್ಳು ತಟ್ಟನೆ ಹೊರಳಿತು. ‘ತಂತಿ ಸುತ್ತ ಏನೋ ಇದೆ. ನಮ್ಮ ಕಣ್ಣಿಗೆ ಕಾಣಲ್ಲ, ಮುಳ್ಳಿಗೆ ಗೊತ್ತಾಗುತ್ತೆ. ಭಾನುವಾರ ಬನ್ನಿ, ಹೇಳ್ತೀನಿ.’

ಜೀವಮಾನವೆಲ್ಲ ನನ್ನ ಕೈಯಲ್ಲೇ ಓಡಾಡಿದ ತಂತಿ ಅದು.

ಮನೆಯಲ್ಲಿ ‘ಶಿವಮೊಗ್ಗದಲ್ಲಿ ಕೆಲಸ ಇದೆ’ ಅಂತ ಹೇಳಿ ಬಸ್ ಹತ್ತುತ್ತಿದ್ದೆ. ತಲೆ ನರೆತವನು ಟ್ಯೂಷನ್ನಿಗೆ ಹೋಗ್ತೀನಿ ಅಂತ ಯಾವ ಬಾಯಲ್ಲಿ ಹೇಳಲಿ? ‘ಕರೆಂಟು ಹೊರಟಷ್ಟೂ ವಾಪಸ್ ಬರ್ಬೇಕು. ಬರೋ ದಾರಿ ಕಿತ್ತಿದ್ರೆ ಹೊರಡೋದೇ ಇಲ್ಲ. ಬಹಳ ಬಿಗುಮಾನ ಅದಕ್ಕೆ, ನಿಮ್ಮ ಹಾಗೆ’ ಅಂತ ಮೇಡಂ ನಗೋರು.

ಒಂದು ಸಲ ನಮ್ಮೂರಿನ ಕಂಟ್ರಾಕ್ಟರ್ ಸೆಲ್ವಂ ಪಕ್ಕದ ಮನೆ ಕೆಲಸಕ್ಕೆ ಬಂದವನು, ವರಾಂಡದಲ್ಲಿ ಪೆನ್ಸಿಲ್ ಹಿಡಿದು ಕೂತ ನನ್ನನ್ನು ನೋಡಿಬಿಟ್ಟ.

‘ಏನಣ್ಣಾ, ಈ ವಯಸ್ಸಲ್ಲಿ ಸ್ಕೂಲಾ?’

‘ಏಯ್, ಮೇಡಂ ಮಿಕ್ಸಿ ಕೆಟ್ಟಿದೆ ಕಣೋ. ಅದಕ್ಕೆ ಬಂದೆ.’

ಮೇಡಂ ನನ್ನ ಮುಖ ನೋಡಿದರು. ಆಮೇಲೆ ಅವನ ಕಡೆ ತಿರುಗಿ, ‘ಹೌದಪ್ಪ, ತುಂಬ ಸದ್ದು ಮಾಡ್ತಿತ್ತು’ ಅಂದರು.

ಮುಂದಿನ ಭಾನುವಾರ ಹೋದರೆ ವರಾಂಡದ ಮೇಜಿನ ಮೇಲೆ ಮಿಕ್ಸಿ, ಪಕ್ಕದಲ್ಲಿ ಸ್ಕ್ರೂಡ್ರೈವರ್. ಅಲ್ಲಿಂದಾಚೆಗೆ ಪ್ರತಿ ಭಾನುವಾರ ನಾನು ಹೋಗೋ ಹೊತ್ತಿಗೆ ಅದು ಅಲ್ಲಿರುತ್ತಿತ್ತು. ಅದರ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಿಕ್ಸಿಗೆ ಪುಸ್ತಕ ಒರಗಿಸಿಕೊಂಡು ಪಾಠ ನಡೆಯುತ್ತಿತ್ತು. ಒಂದು ದಿನ ನಾಲ್ಕು ಜನರೆದುರು ‘ಇವರು ನನ್ನ ಗುರುಗಳು’ ಅನ್ನಬೇಕು ಅಂತ ವಾಪಸ್ ಬರೋ ಬಸ್ಸಿನಲ್ಲಿ ಪ್ರತಿಸಲ ಅಂದುಕೊಳ್ಳುತ್ತಿದ್ದೆ. ಬಸ್ ಇಳಿಯೋ ಹೊತ್ತಿಗೆ ಆ ಧೈರ್ಯ ಇರುತ್ತಿರಲಿಲ್ಲ.

ಈ ಸಲ ಬೇಸಿಗೆಗೆ ಮೇಡಂ ತೀರಿಕೊಂಡರು. ವೈಕುಂಠ ಸಮಾರಾಧನೆ ದಿನ ಹೋದೆ. ನಡುಮನೆ ತುಂಬ ನೆಂಟರು, ಅವರ ಹಳೇ ಸ್ಟೂಡೆಂಟುಗಳು. ಗೋಡೆ ಪಕ್ಕ ಸೆಲ್ವಂ ಕೂಡ ಕೂತಿದ್ದ. ಮೇಡಂ ಸೊಸೆ ಮಿಕ್ಸಿ ತಂದು ಎಲ್ಲರೆದುರು ನನ್ನ ಕೈಗೆ ಕೊಟ್ಟಳು.

‘ಇದನ್ನ ನಿಮಗೇ ಕೊಡ್ಬೇಕು ಅಂದಿದ್ರು ಅತ್ತೆ. ಅಲ್ಲ, ಅದೇನ್ ಕೆಡ್ತಿತ್ತು ಇದರಲ್ಲಿ?’

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಅಂದುಕೊಂಡಿದ್ದ ನಾಲ್ಕು ಜನ ಇವರೇ.

‘ಕಾರ್ಬನ್ ಬ್ರಶ್ಶು ಸವೀತಿತ್ತಮ್ಮ’ ಅಂದೆ.

‘ವಾರ ವಾರಾನೂ?’

‘ಅದು ಹಂಗೇ’ ಅಂದೆ.

ಅವಳು ತಲೆಯಾಡಿಸಿ ಎಲೆ ಹಾಕಿಸೋಕೆ ಒಳಗೆ ಹೋದಳು. ಹಂಗೇ ಅಂದ್ರೆ ಹ್ಯಾಗೆ ಅಂತ ಆ ಮನೆಯಲ್ಲಿ ಯಾರೂ ಕೇಳಲಿಲ್ಲ.