ಟವೆಲ್ ಹಾಕದ ಮಹಾದೇವಿ

ಬೇಕಾದ ನಂಬರು ಸಿಕ್ಕ ಕೂಡಲೇ ಡೈರೆಕ್ಟರಿ ಸರ್ವರಿನ ಸಂಪರ್ಕ ಕಡಿಯಬೇಕು. ಈ ನಿಯಮ ಬರೆದವನು ಆ ಸರ್ವರ್ ನೋಡಿಕೊಳ್ಳುವ ನಾನು. ಬಾಲಾನಗರದ ಆ ಕಚೇರಿಯಲ್ಲಿ ಅದನ್ನು ಎಲ್ಲರೂ ಮುರಿದಿದ್ದರು.

ಐಟಿ ಭರಾಟೆಯಲ್ಲಿ ದಿನವೂ ಹೊಸಬರು ಸೇರುತ್ತಿದ್ದರು. ಎಲ್ಲರ ಹೆಸರು, ಫೋನ್ ನಂಬರು ಆ ಒಂದೇ ಸರ್ವರಿನಲ್ಲಿ. ಬೆಳಿಗ್ಗೆ ಹತ್ತಾದರೆ ಒಮ್ಮೆಗೆ ಇಷ್ಟೇ ಎಂಬ ಮಿತಿ ತುಂಬಿ ಅದು ಹೊಸ ಸಂಪರ್ಕ ಕೊಡುತ್ತಿರಲಿಲ್ಲ. ನಂಬರು ಸಿಗದೆ ಹೊರಗಿನಿಂದ ಬಂದ ಕರೆಗಳು ಕಾಯುತ್ತ ನಿಲ್ಲುತ್ತಿದ್ದವು, ಬೈಗುಳವೆಲ್ಲ ಟೆಲಿಫೋನ್ ಆಪರೇಟರ್ ಮಹಾದೇವಿಗೆ. ಬೀದರಿನ ಹೆಂಗಸು. ಇನ್ನೊಂದು ದೂರು ಬಂದರೆ ಕೆಲಸ ಇಲ್ಲ ಎಂದು ಮ್ಯಾನೇಜರ್ ಹೇಳಿಬಿಟ್ಟಿದ್ದರು.

ಆಕೆಯ ಪಕ್ಕದಲ್ಲೇ ಕೂತು ಸಂಪರ್ಕಗಳ ಪಟ್ಟಿ ತೆರೆದೆ. ಬಿಟ್ಟರೆ ಮತ್ತೆ ಸಿಗಲಿಕ್ಕಿಲ್ಲವೆಂದು ಎಲ್ಲರೂ ಹಿಡಿದುಕೊಂಡೇ ಇದ್ದರು.

“ಕೋಠಿ ಬಸ್ಸಿನ್ಯಾಗ ಸೀಟಿಗಿ ಟವೆಲ್ ಹಾಕಿದಂಗ ಆತಲ್ರಿ ಸರ,” ಎಂದಳು. ಆಮೇಲೆ ಪಟ್ಟಿಯತ್ತ ಬಗ್ಗಿ, “ಈ ನಾಕ ಟವೆಲ್ ನಿಮ್ಮ ಹೆಸರಿಲೇ ಅದಾವಲ್ರಿ?”

ಪರೀಕ್ಷೆಗೆಂದು ತೆರೆದು ಮರೆತಿದ್ದೆ. ನಾಲ್ಕನ್ನೂ ಮುಚ್ಚಿದೆ; ಮರುಕ್ಷಣವೇ ಆಕೆಗೆ ಸಂಪರ್ಕ ಸಿಕ್ಕಿತು.

“ಸಂಜೆಯೊಳಗೆ ಸರಿಮಾಡ್ತೀನಿ. ಅಲ್ಲಿವರೆಗೆ ಈ ಸಂಪರ್ಕ ಬಿಡಬೇಡಿ,” ಎಂದೆ, ನಿಯಮ ಬರೆದ ನಾನೇ.

“ಕುಂತವ್ರು ಏಳಲಿಲ್ಲಂದ್ರ ನಿಂತವ್ರು ಏನ್ ಮಾಡಬೇಕ್ರಿ?”

ಕಾಯುತ್ತಿದ್ದ ಕರೆಗೆ ನಂಬರು ಹುಡುಕಿ ಜೋಡಿಸಿದಳು. ಆಮೇಲೆ ನನ್ನ ಮುಖ ನೋಡುತ್ತಲೇ ಸರ್ವರಿನ ಸಂಪರ್ಕ ಕಡಿದಳು.